ಡಿಪ್ಪರ್ ಮಾವಶಿಯ ತೀರ್ಪು

ನನ್ನ ಬ್ಯಾಂಡನ್ನು ನನ್ನ ಮಗಳೇ ಕೆಡಿಸಿದಳು. ಹೀಗೆ ಹೇಳಿದರೆ ನಮ್ಮ ಓಣಿಯ ಹೆಂಗಸರು ಮೂಗು ಮುರಿಯುತ್ತಾರೆ, ಹೆತ್ತವಳ ಬಾಯಲ್ಲಿ ಬರುವ ಮಾತೇ ಇದು ಅನ್ನುತ್ತಾರೆ. ಅನ್ನಲಿ. ಹೆತ್ತ ತಪ್ಪಿಗೆ ನನಗೆ ಕಿವಿಯೇ ಇರಬಾರದೇನು?

ನಾನು ದ್ರೌಪದಿ. ತವರು ಭಾಲ್ಕಿ ಕಡೆಯ ಹಳ್ಳಿ, ಕೊಟ್ಟ ಊರು ನಿಲಂಗಾ. ಮನೆಯ ಪಡಸಾಲೆಯಲ್ಲಿ ಮಷೀನು ಹಾಕಿಕೊಂಡು ಸೀರೆಗಳಿಗೆ ಪಿಕೊ-ಫಾಲ್ ಮಾಡಿಕೊಡುತ್ತೇನೆ. ಯಜಮಾನರು ಕಾಶೆಪ್ಪ, ಎಸ್‌ಟಿ ಬಸ್ಸಿನ ಕಂಡಕ್ಟರ್. ಒಬ್ಬಳೇ ಮಗಳು ಶಿವಾನಿ. ಐವತ್ತು ದಾಟಿದ ಹೆಂಗಸಿಗೆ ಬ್ಯಾಂಡು ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಡಿನ ಹೆಸರು ಟೋಲನಾಕಾ, ಅಂದರೆ ಟೋಲ್ ಗೇಟು. ಉಮರ್ಗಾದ ಹುಡುಗರದು. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಟ್ರಕ್ಕುಗಳ ಹಾರ್ನು ಕೇಳುತ್ತ ಬೆಳೆದವರು, ಮೆಲ್ಲಗೆ ಹಾಡು ಎಂದರೆ ಹೇಗೆ ಹಾಡಿಯಾರು? ಗಿಟಾರು ಹಿಡಿದು ಗಂಟಲು ಹರಿಯುವ ಹಾಗೆ ಕಿರುಚುವವನು ವಿರೂಪಾಕ್ಷ, ದಪ್ಪ ತಂತಿಯ ಬೇಸ್ ಗಿಟಾರು ಧನರಾಜನದು, ಡ್ರಮ್ಮಿಗೆ ಮಾತ್ರ ಉದಗೀರದ ಸುಮಿತ. ಹಾಡೆಲ್ಲ ಮರಾಠಿ. ಲಾತೂರಿನಿಂದ ನಾಂದೇಡದವರೆಗೆ ಅವರ ಹಾಡು ಬಾರದ ಕಾಲೇಜು ಹುಡುಗನಿಲ್ಲ.

ಅವರ ಎಲ್ಲಕ್ಕಿಂತ ದೊಡ್ಡ ಹಾಡು ‘ಡಿಪ್ಪರ್ ಮಾರ’. ಎದುರಿಗೆ ಬರುವ ಗಾಡಿಯವನು ಕಣ್ಣು ಕುಕ್ಕುವ ಹಾಗೆ ದೀಪ ಉರಿಸಿಕೊಂಡು ಬಂದರೆ ಅವನಿಗೆ ದೀಪ ಏರಿಳಿಸಿ ಸನ್ನೆ ಮಾಡು ಎಂದು ಅದರ ಅರ್ಥ. ಆ ಹಾಡಿನ ಡ್ರಮ್ಮು ನನ್ನ ಮಷೀನಿಗೆ ಹೇಳಿ ಮಾಡಿಸಿದಂತಿತ್ತು. ಹಾಡು ಹಚ್ಚಿ ಪೆಡಲಿನ ಮೇಲೆ ಕಾಲಿಟ್ಟರೆ ಸಾಕು, ಒಂದು ಹಾಡಿಗೆ ಒಂದು ಸೀರೆಯ ಫಾಲು ಮುಗಿಯುತ್ತಿತ್ತು. ನಾನು ಕತ್ತು ಕುಣಿಸುತ್ತ ಪೆಡಲು ತುಳಿಯುವುದನ್ನು ಯಾವಳೋ ಗಿರಾಕಿ ಕದ್ದು ವಿಡಿಯೋ ಮಾಡಿ ಬಿಟ್ಟಳು. ಅಷ್ಟೇ. ಮರುವಾರದಿಂದ ನಾನು ಊರಿಗೆಲ್ಲ ಚಿಕ್ಕಮ್ಮ, ಡಿಪ್ಪರ್ ಮಾವಶಿ. ಉದಗೀರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹುಡುಗರು ಬಂದು ಕಾಲಿಗೆ ಬೀಳುತ್ತಿದ್ದರು. ನಾಚಿಕೆಯಾಯಿತೇ ಎಂದು ಕೇಳಬೇಡಿ. ಖುಷಿಯಾಯಿತು, ಭಾಳ ಖುಷಿಯಾಯಿತು.

ಬ್ಯಾಂಡಿನವರೇ ಮನೆಗೆ ಬಂದು ನಮಸ್ಕಾರ ಮಾಡಿ, ವೇದಿಕೆಯ ಅಂಗಿಗಳನ್ನು ನೀವೇ ಹೊಲಿದುಕೊಡಿ ಕಾಕು ಎಂದು ಚಿಕ್ಕಮ್ಮನಿಗೆ ಹೇಳುವಂತೆ ಕೇಳಿದರು. ಕರಿ ಅಂಗಿ, ತೋಳಿಗೆ ಟೋಲ್ ಗೇಟಿನ ಕಂಬದಂತೆ ಕೆಂಪು-ಬಿಳಿ ಪಟ್ಟಿ. ಹೊಲಿದ ಅಂಗಿಗಳನ್ನು ಉಮರ್ಗಾಕ್ಕೆ ಒಯ್ದವಳು ಶಿವಾನಿ. ಅಲ್ಲಿ ಅಂಗಿ ಕೊಟ್ಟು ಬರುವುದು ಬಿಟ್ಟು ಮೂಲೆಯಲ್ಲಿದ್ದ ಕೀಬೋರ್ಡಿನ ಮುಂದೆ ಕೂತಿದ್ದಾಳೆ. ಮಠದ ಭಜನೆಯಲ್ಲಿ ಚಿಕ್ಕಂದಿನಿಂದ ಹಾರ್ಮೋನಿಯಂ ಬಾರಿಸಿದವಳು, ಬೆರಳು ಸುಮ್ಮನಿರಲಿಲ್ಲ. ಏನು ಬಾರಿಸಿದಳೋ, ಏನು ಹಾಡಿದಳೋ, ಆ ಮೂರು ಹುಡುಗರಿಗೆ ಹುಚ್ಚು ಹಿಡಿಯಿತು. ಹೋದ ದೀಪಾವಳಿಯ ಹೊತ್ತಿಗೆ ಅವಳು ಬ್ಯಾಂಡಿನ ನಾಲ್ಕನೆಯವಳಾದಳು, ದೀಪಾವಳಿ ಕಳೆದ ಮೇಲೆ ಹೊಸ ಹಾಡು ಬಂತು.

ಹಾಡಿನ ಹೆಸರು ‘ಸಾವಕಾಶ’. ಫೋನಿನಲ್ಲಿ ಹಚ್ಚಿದೆ. ಸದ್ದೇ ಇಲ್ಲ. ಫೋನು ಕೆಟ್ಟಿತೆಂದು ಎರಡು ಬಾರಿ ತಟ್ಟಿದೆ. ಆಮೇಲೆ ಎಲ್ಲೋ ದೂರದಲ್ಲಿ ಒಂದು ದಪ್ಪ ತಂತಿ ಗುಂಯ್ ಎಂದಿತು, ಮತ್ತೆ ಸುಮ್ಮನಾಯಿತು. ಗಿಟಾರಿಲ್ಲ, ಕಿರುಚಾಟವಿಲ್ಲ, ಡ್ರಮ್ಮು ಇದ್ದೂ ಇಲ್ಲದಂತೆ. ನಾನು ರೂಢಿಯಂತೆ ಪೆಡಲು ತುಳಿದೆ, ಮಷೀನು ಓಡಿತು, ಹಾಡು ಓಡಲಿಲ್ಲ. ಯಾರದೋ ಮದುವೆಯ ಇಳಕಲ್ ಸೀರೆಗೆ ಹೊಲಿಗೆ ಸೊಟ್ಟ ಬಿತ್ತು. ಶಿವಾನಿಯ ದನಿ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಬಂದ್ ಮಾಡಿಬಿಟ್ಟೆ. ಹೊಲಿಗೆ ಬಿಚ್ಚುತ್ತ ಕೂತಾಗ ಸಿಟ್ಟು ಎಷ್ಟು ಬಂದಿತ್ತೆಂದರೆ ಮಧ್ಯಾಹ್ನದ ಊಟ ಬಿಟ್ಟೆ.

ಸಂಜೆ ಅವಳು ಹೇಗಿದೆ ಎಂದು ಕೇಳಿದಳು. ನಾನು ಸುಳ್ಳು ಹೇಳುವವಳಲ್ಲ. ‘ನನ್ನ ಮಷೀನಿಗಿ ಹೊಂದವಲ್ದು’ ಎಂದೆ. ಅವಳು ಹೂಂ ಎಂದು ಒಳಗೆ ಹೋದಳು. ಇನ್ನೊಮ್ಮೆ ಕೇಳಲಿಲ್ಲ, ನಾನೂ ಇನ್ನೊಮ್ಮೆ ಹಚ್ಚಲಿಲ್ಲ.

ಹಾಡು ಊರೂರು ತಿರುಗಿತು. ಯಾವ ಊರಲ್ಲಿ ಏನನ್ನುತ್ತಾರೆ ಎಂಬ ವರದಿ ನಮ್ಮ ಮನೆಗೆ ಎಸ್‌ಟಿ ಬಸ್ಸಿನಲ್ಲೇ ಬರುತ್ತಿತ್ತು. ಯಜಮಾನರು ಟಿಕೀಟು ಹರಿಯುತ್ತ ಕಿವಿ ತೆರೆದಿಟ್ಟುಕೊಂಡಿರುತ್ತಿದ್ದರು. ಉಮರ್ಗಾದ ಹುಡುಗರು ಕೆಂಡವಾಗಿದ್ದರಂತೆ. ಚಹಾ ಹೋಟೆಲಿನವನೊಬ್ಬ ಗೋಡೆಯ ಮೇಲಿದ್ದ ಟೋಲನಾಕಾದ ಪಟಕ್ಕೆ ಹೂವಿನ ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದನಂತೆ. ನಮ್ಮ ನಿಲಂಗಾದಲ್ಲಿ ರೈಸ್ ಗಾಡಿಯ ಮುಂದೆ ಪ್ಲೇಟು ಹಿಡಿದುಕೊಂಡೇ ಎರಡು ಗುಂಪು ಜಗಳಕ್ಕೆ ನಿಂತವು. ಒಂದು ಗುಂಪಿಗೆ ಇದು ಹಾಡೇ ಅಲ್ಲ, ಇನ್ನೊಂದಕ್ಕೆ ಇದರ ಮುಂದೆ ಬೇರೆ ಹಾಡೇ ಇಲ್ಲ. ಜಗಳದಲ್ಲಿ ಅನ್ನ ಆರಿತು, ಗಾಡಿಯವನು ಇಬ್ಬರನ್ನೂ ಬೈದು ಓಡಿಸಿದ.

ಎಲ್ಲಕ್ಕಿಂತ ದೊಡ್ಡ ಗೊಂದಲ ಕನ್ನಡ ಮಾತಾಡುವ ಮನೆಗಳಲ್ಲಿ. ಯಾಕೆಂದರೆ ಹೊಸ ಹಾಡು ಮನೆಯ ಕನ್ನಡದಲ್ಲಿತ್ತು. ಈ ಕಡೆ ನಾವು ಹೊರಗೆ ಮರಾಠಿ ಆಡುತ್ತೇವೆ, ಕನ್ನಡವನ್ನು ಒಲೆಯ ಮುಂದೆ, ಹೊಲದ ಬದುವಿನ ಮೇಲೆ, ಮಕ್ಕಳನ್ನು ಬೈಯುವುದಕ್ಕೆ ಇಟ್ಟುಕೊಂಡಿದ್ದೇವೆ. ಅದು ಹೀಗೆ ದೊಡ್ಡ ಸ್ಪೀಕರಿನಲ್ಲಿ ಬಂದರೆ ಹೇಗಾಗಬೇಡ? ಪಕ್ಕದ ಮನೆಯ ಸರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಮ್ಮ ಅಡುಗೆಮನೆಯ ಕಿಟಕಿಯನ್ನು ಯಾರೋ ಬಜಾರಿನ ಕಡೆಗೆ ತೆರೆದಂತಾಯಿತು ಎಂದು ನಾಚಿಕೊಂಡಳು. ಮಠದ ರಾಚಯ್ಯನವರಂತೂ ಕರೆದು ಹರಸಿದರು, ಈಗ ಇವರ ಮಾತು ಒಂದಾದರೂ ತಿಳಿಯುತ್ತದೆ ಎಂದರು. ರಾಕ್ ಬ್ಯಾಂಡಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಸರುಬಾಯಿಯ ಸೊಸೆ ಸಾರಿಕಾ ಲೋಹಾರಾದ ಮರಾಠಿ ಹುಡುಗಿ. ಅತ್ತೆಯ ಕನ್ನಡವೇ ಅವಳಿಗೆ ಅರ್ಧ ತಿಳಿಯುವುದಿಲ್ಲ. ಆದರೆ ದಿನ ಬೆಳಗಾದರೆ ಗೋಡೆಯ ಆಚೆ ‘ಸಾವಕಾಶ’ ಹಚ್ಚಿಕೊಂಡೇ ಪಾತ್ರೆ ತಿಕ್ಕುತ್ತಿದ್ದಳು. ನಾನು ಕಿಟಕಿ ಮುಚ್ಚಿ ಈಚೆ ಡಿಪ್ಪರ್ ಹಚ್ಚುತ್ತಿದ್ದೆ. ನಡುವೆ ಸರುಬಾಯಿ ಎರಡನ್ನೂ ಕೇಳುತ್ತ ತಲೆ ಹಿಡಿದುಕೊಳ್ಳುತ್ತಿದ್ದಳು.

ಸಂಕ್ರಾಂತಿ ಆದ ಮೇಲೆ ಒಂದು ಮಧ್ಯಾಹ್ನ ವಿರೂಪಾಕ್ಷ ಮನೆಗೆ ಬಂದ. ವೇದಿಕೆಯ ಮೇಲೆ ಹುಲಿಯಂತಿರುವವನು ಪಡಸಾಲೆಯ ಚಾಪೆಯ ಮೇಲೆ ಬೆಕ್ಕಿನ ಹಾಗೆ ಕೂತ. ಫೋನು ತೆಗೆದು ತೋರಿಸಿದ. ಹಾಡಿನ ಕೆಳಗೆ ಮಂದಿ ಬರೆದದ್ದರಲ್ಲಿ ಹೊಗಳಿಕೆಯೂ ಇತ್ತು, ಆದರೆ ಬೀದರಿನಿಂದ, ಬಸವಕಲ್ಯಾಣದಿಂದ, ಉಮರ್ಗಾದಿಂದ ಒಂದೇ ಮಾತು ಮೇಲೆ ಮೇಲೆ ಬಂದಿತ್ತು. ಯಾಕ? ಯಾಕ ಬದಲಾದ್ರಿ? ಬರೀ ಯಾಕ?

ಉದಗೀರದಲ್ಲಿ ದೊಡ್ಡ ಶೋ ಇದೆ, ಹಳೆ ಹಾಡಿನ ನಡುವೆ ಹೊಸ ಹಾಡು ಹಾಕುತ್ತೇವೆ, ಮಂದಿ ಒಪ್ಪಿದರೆ ಇದೇ ದಾರಿ, ಒಪ್ಪದಿದ್ದರೆ ಹಳೆ ಟೋಲನಾಕಾ, ಆಗ ಶಿವಾನಿಗೆ ಬ್ಯಾಂಡಿನಲ್ಲಿ ಕೆಲಸ ಉಳಿಯುವುದಿಲ್ಲ ಎಂದು ಅವನು ಬಿಚ್ಚಿ ಹೇಳಿದ. ಹೇಳುವಾಗ ಅವನಿಗೂ ಸಂಕಟವಿತ್ತು. ಶಿವಾನಿ ಬಾಗಿಲಿಗೆ ಆತು ನಿಂತು, ಆಗಲಿ ಎಂದಳು. ಎದ್ದು ಹೋಗುವಾಗ ಅವನು ನನ್ನ ಕಡೆ ತಿರುಗಿದ.

‘ಕಾಕು, ಒಂದು ಮಾತ ಹೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಮಂದಿ ನಮ್ಮ ಮಾರಿ ನೋಡಂಗಿಲ್ಲ. ನಿಮ್ಮ ಮಾರಿ ನೋಡ್ತದ.’

ಅವನು ಹೋದ ಮೇಲೆ ಮಷೀನಿನ ಮುಂದೆ ಕೂತೆ. ನನಗೆ ನನ್ನ ಡಿಪ್ಪರ್ ಬೇಕಿತ್ತು, ಹಳೆ ಬ್ಯಾಂಡು ಬೇಕಿತ್ತು. ಅದು ಬರಬೇಕಾದರೆ ಮಗಳು ಹೊರಗೆ ಬರಬೇಕು. ಆ ಹುಡುಗಿ ಆ ಎರಡು ತಿಂಗಳು ನಕ್ಕಷ್ಟು ತನ್ನ ಜನ್ಮದಲ್ಲಿ ನಕ್ಕಿರಲಿಲ್ಲ. ಒಂದು ಕಡೆ ನೋಡಿದರೆ ಅಳು ಬರುತ್ತಿತ್ತು, ಇನ್ನೊಂದು ಕಡೆ ನೋಡಿದರೆ ಸಿಟ್ಟು ಬರುತ್ತಿತ್ತು. ಇಷ್ಟವಾಗದ್ದನ್ನು ಇಷ್ಟವಾಯಿತು ಎಂದು ಮುಖ ಮಾಡಿಕೊಂಡು ನಿಲ್ಲುವುದು ನನ್ನಿಂದ ಆಗುವ ಮಾತಲ್ಲ. ಆ ಮುಖವನ್ನೇ ಮಂದಿ ನೋಡುವುದಾದರೆ ಶಿವಾನಿಯ ಗತಿ ಏನು?

ಶೋ ದಿನ ಯಜಮಾನರು ರಜೆ ಹಾಕಿದರು. ತಮ್ಮದೇ ಬಸ್ಸಿನಲ್ಲಿ ಟಿಕೀಟು ತೆಗೆಸಿ ಪ್ರಯಾಣಿಕರ ಹಾಗೆ ಕೂತು ಎಡಬಿಡದೆ ಚಡಪಡಿಸಿದರು, ಹೊಸ ಕಂಡಕ್ಟರನ ಕೆಲಸ ಅವರಿಗೆ ಸರಿಬರಲಿಲ್ಲ. ಸರುಬಾಯಿಯೂ ಸಾರಿಕಾಳೂ ನಮ್ಮ ಜೊತೆ ಬಂದರು. ನಿಲಂಗಾ ಬಿಟ್ಟಾಗಲೇ ಅರ್ಧ ಬಸ್ಸು ಕರಿ ಅಂಗಿಯವರೇ. ವಲಾಂಡಿಯಲ್ಲಿ ಇನ್ನೊಂದು ದಂಡು ಹತ್ತಿತು, ಮುಖದ ಮೇಲೆಲ್ಲ ಕೆಂಪು-ಬಿಳಿ ಪಟ್ಟಿ ಬಳಿದುಕೊಂಡಿದ್ದರು. ಹತ್ತಿದವರಲ್ಲಿ ಒಬ್ಬ ನನ್ನನ್ನು ನೋಡಿ ನಿಂತುಬಿಟ್ಟ. ಆಮೇಲೆ ಕೇಳಬೇಡಿ. ಡಿಪ್ಪರ್ ಮಾವಶಿ ಎಂದು ಇಡೀ ಬಸ್ಸು ಸೀಟು ಬಡಿಯತೊಡಗಿತು. ನಾನು ಕೂತಲ್ಲೇ ಕಾಲು ಕುಣಿಸಿ ಪೆಡಲು ತುಳಿದು ತೋರಿಸಿದೆ. ಡ್ರೈವರ್ ಕೂಡ ಎದುರಿನ ಗಾಡಿಗೆ ಸುಮ್ಮಸುಮ್ಮನೆ ಡಿಪ್ಪರ್ ಹೊಡೆದ. ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಈ ಗದ್ದಲದಲ್ಲಿ ಹೊಸ ಹಾಡು ಹೇಗೆ, ಮಾವಶಿ, ಎಂದು ಒಬ್ಬ ಕೇಳಿದ. ನೂರು ಕಣ್ಣು ನನ್ನ ಮೇಲೆ. ಕಿಟಕಿಯ ಹೊರಗೆ ತೊಗರಿ ಕಟಾವಿಗೆ ಬಂದಿದೆ ನೋಡು ಎಂದು ಮಾತು ಹೊರಳಿಸಿದೆ.

ಉದಗೀರದ ಮೈದಾನ ತುಂಬಿ ರಸ್ತೆಗೆ ಚೆಲ್ಲಿತ್ತು. ಜಳಕೋಟದಿಂದ ಟ್ರ್ಯಾಕ್ಟರಿನಲ್ಲಿ ಬಂದವರು ಟ್ರಾಲಿಯ ಮೇಲೆಯೇ ನಿಂತಿದ್ದರು. ಉಮರ್ಗಾದವರು ಎಡಕ್ಕೆ ಒಂದು ಗುಂಪಾಗಿ ನಿಂತು, ಹಳೆ ಹಾಡೇ ಬೇಕು ಎಂದು ದೊಡ್ಡ ಬಟ್ಟೆಯ ಮೇಲೆ ಬರೆದು ಹಿಡಿದಿದ್ದರು. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಬ್ಯಾಂಡು ಮೇಲೆ ಬಂತು. ಮೊದಲ ಹಾಡಿಗೇ ನೆಲ ನಡುಗಿತು. ಹಳೆ ಹಾಡುಗಳು ಒಂದರ ಮೇಲೊಂದು ಬಂದವು, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದೆ. ನನ್ನ ಸುತ್ತ ಹುಡುಗರು ದುಂಡಗೆ ಜಾಗ ಬಿಟ್ಟಿದ್ದರು. ಸರುಬಾಯಿ ಬೇಡ ಬೇಡ ಎನ್ನುತ್ತಲೇ ನನಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಆಮೇಲೆ ದೀಪ ಇಳಿಯಿತು. ಶಿವಾನಿ ಬಂದು ಕೀಬೋರ್ಡಿನ ಮುಂದೆ ನಿಂತಳು. ನಾನೇ ಹೊಲಿದ ಅಂಗಿ, ನನ್ನದೇ ಮೂಗು. ‘ಸಾವಕಾಶ’ ಶುರುವಾಯಿತು.

ಆ ಹಾಡನ್ನು ನಾನು ಅಲ್ಲಿಯಾದರೂ ಕೇಳಿದೆನೇ? ಇಲ್ಲ. ನನ್ನ ಸುತ್ತ ನಿಂತವರೆಲ್ಲ ವೇದಿಕೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕಟ್ಟಿಕೊಂಡರೆ ಸಿಟ್ಟಾಗಿದ್ದಾಳೆ ಅನ್ನುತ್ತಾರೆ, ಬೀಸಿದರೆ ಸುಳ್ಳಾಗುತ್ತದೆ. ಅವರನ್ನು ನಾನು ನೋಡುತ್ತ, ನನ್ನನ್ನು ಅವರು ನೋಡುತ್ತ ಹಾಡು ಕಳೆದೇ ಹೋಯಿತು.

ಹಾಡು ನಿಂತಿತು. ಆಗ ಎಲ್ಲಿಂದಲೋ ಒಂದು ದನಿ ಬಂತು, ‘ಯಾಕ’ ಎಂದು. ಅದಕ್ಕೆ ಇನ್ನೊಂದು ಕೂಡಿತು. ನೋಡನೋಡುತ್ತ ಅರ್ಧ ಮೈದಾನವೇ ಮುಷ್ಟಿ ಎತ್ತಿ ಕೂಗತೊಡಗಿತು. ಯಾಕ, ಯಾಕ, ಯಾಕ. ಅದರ ಮುಂದೆಯೂ ಏನೋ ಅನ್ನುತ್ತಿದ್ದರು, ಸೀಟಿ ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು.

ಶಿವಾನಿಯ ಮುಖ ಬಿಳಿಚಿಕೊಂಡಿತು. ಫೋನಿನಲ್ಲಿ ಓದಿದ್ದನ್ನೇ ಈಗ ಸಾವಿರ ಬಾಯಿ ಕೇಳುತ್ತಿತ್ತು. ವಿರೂಪಾಕ್ಷ ತಲೆ ತಗ್ಗಿಸಿದ. ಹಾಡು ಸೇರದಿದ್ದರೆ ಸೇರದಿರಲಿ, ಒಂಟಿ ಹುಡುಗಿಯನ್ನು ಹೀಗೆ ನಿಲ್ಲಿಸಿ ಕೇಳುವುದೇ? ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮೈಕು ಹತ್ತಿರಕ್ಕೆ ಎಳೆದುಕೊಂಡು, ಮನೆಯಲ್ಲಿ ಮಾತಾಡುವಂತೆಯೇ ಮಾತಾಡಿದಳು.

‘ಯಾಕ ಅಂತ ಕೇಳ್ತೀರಿ, ಹೇಳ್ತೀನಿ. ನಮ್ಮವ್ವ ಮಷೀನ ಮ್ಯಾಲ ಕುಂತಾಗ ನಮ್ಮ ಹಳೀ ಹಾಡ ಜೋರ ಹಚ್ತಾಳ. ಒಂದ ಹಾಡ ಮುಗದು ಇನ್ನೊಂದ ಶುರು ಆಗೂ ತನಕ ನಡುವ ಒಂದೀಟು ಸುಮ್ಮ ಇರ್ತದ. ಆವಾಗ ಆಕಿ ತನ್ನಷ್ಟಕ್ಕ ತಾನ ಏನರೆ ಗುಣುಗ್ತಾಳ. ದಾರದ ಸಂಗಟ ಮಾತಾಡ್ತಾಳ, ಸಾವಕಾಶ ಬಾ ಅಂತಾಳ, ಹರದ್ರ ಗಂಟ ಹಾಕ್ತೀನಿ ಅಂತಾಳ. ಆಕಿಗಿ ಗೊತ್ತೇ ಇಲ್ಲ. ನಾ ಕಾಲೇಜಿಗಿ ಹೋಗೂವಾಗಿಂದ ಅದಕ್ಕೇ ಕಿವಿ ಕೊಟ್ಟೀನಿ. ಅದನ್ನ ಹಾಡ್ದೆ. ಮತ್ತೇನಿಲ್ಲ.’

ಮರಾಠಿ ಮಂದಿಗೆ ಅರ್ಧ ತಿಳಿದಿತ್ತೋ ಇಲ್ಲವೋ, ಕೂಗು ತಗ್ಗಿತು. ನಾನು ಗುಣುಗುತ್ತೇನೆಯೇ? ದಾರದ ಜೊತೆ ಮಾತಾಡುತ್ತೇನೆಯೇ? ಪಕ್ಕಕ್ಕೆ ನೋಡಿದರೆ ಯಜಮಾನರು ಹೌದೆಂದು ತಲೆಯಾಡಿಸುತ್ತಿದ್ದರು, ಕಣ್ಣು ಒದ್ದೆ. ಇಷ್ಟು ವರ್ಷ ಈ ಮನುಷ್ಯ ಒಂದು ಮಾತು ಹೇಳಿರಲಿಲ್ಲ.

ಮೈದಾನ ತಣ್ಣಗಾದದ್ದನ್ನು ವಿರೂಪಾಕ್ಷ ಬೇರೆ ತೆರನಾಗಿ ತಿಳಿದುಕೊಂಡ. ಹೊಸ ಹಾಡಿನ ಕಥೆ ಮುಗಿಯಿತು ಎಂದು ಅವನಿಗೆ ಅನ್ನಿಸಿರಬೇಕು. ಗಿಟಾರು ಮೇಲೆತ್ತಿ ಬಾರಿಸಿಯೇ ಬಿಟ್ಟ. ಡಿಪ್ಪರ್. ನನ್ನ ಡಿಪ್ಪರ್. ಮೂರು ತಿಂಗಳಿನಿಂದ ಇದಕ್ಕಾಗಿ ಕಾದಿದ್ದೆ. ಮೈದಾನ ಹೋ ಎಂದು ಎದ್ದಿತು, ಉಮರ್ಗಾದವರು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿದರು. ಶಿವಾನಿ ಕೀಬೋರ್ಡಿನಿಂದ ಕೈ ತೆಗೆದು ಹಿಂದಕ್ಕೆ ಸರಿದಳು. ಆ ಸರಿದದ್ದು ನನಗೊಬ್ಬಳಿಗೇ ಕಂಡಿತೇನೋ.

ಸಿಟ್ಟು ನೆತ್ತಿಗೇರಿತು. ನನ್ನ ಪಕ್ಕದಲ್ಲಿ ಅಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ಯಾಕ ಯಾಕ ಎಂದು ಕೂಗಿದವಳು ಬೇರೆ ಯಾರೂ ಅಲ್ಲ, ಸಾರಿಕಾ. ಅವಳ ರಟ್ಟೆ ಹಿಡಿದು ತಿರುಗಿಸಿದೆ. ದಿನಾ ಬೆಳಗ್ಗೆ ಅದೇ ಹಾಡು ಕೇಳುವವಳು ನೀನೂ ಯಾಕೆ ಎಂದು ಕೇಳುತ್ತೀಯಾ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಜಾಡಿಸಿದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

‘ಕೋಣ ವಿಚಾರ್ತಂಯ್, ಮಾವಶಿ? ಯಾಕ ನಂಬರ ಮ್ಹಣತೋಯ ಆಮ್ಹೀ.’

ಯಾರು ಕೇಳುತ್ತಿದ್ದಾರೆ ಮಾವಶಿ, ನಾವು ಒಂದನೇ ನಂಬರು ಅನ್ನುತ್ತಿದ್ದೇವೆ! ಅಯ್ಯೋ ನನ್ನ ಶಿವನೇ. ನಮ್ಮ ಕಡೆಯ ಮರಾಠಿಯಲ್ಲಿ ಒಂದಕ್ಕೆ ಏಕ ಅನ್ನುತ್ತೇವೆ, ಬಹಳವೆಂದರೆ ಯೇಕ. ಈ ಹುಡುಗರು ರೀಲ್ಸು ನೋಡಿ ನೋಡಿ ಕೋಲ್ಹಾಪುರದ ಕಡೆಯ ವರಸೆ ಕಲಿತಿದ್ದಾರೆ, ಏನಾದರೂ ಬಹಳ ಚೆನ್ನಾಗಿದ್ದರೆ ಯಾಕ ನಂಬರ ಅನ್ನುತ್ತಾರೆ. ಅವರು ಮರಾಠಿಯಲ್ಲಿ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದರೆ, ನಾವು ಅದನ್ನು ಕನ್ನಡದ ಕಿವಿಯಲ್ಲಿ ಕೇಳಿ ಸಾಯುತ್ತಿದ್ದೆವು. ಅಂಜಿದ ಕಿವಿಗೆ ನಂಬರು ಕೇಳಿಸಿಯೇ ಇರಲಿಲ್ಲ.

ಡಿಪ್ಪರ್ ಹಾಡು ಇನ್ನೂ ಗಿಟಾರಿನಲ್ಲಿತ್ತು, ಡ್ರಮ್ಮು ಬಂದುಬಿಟ್ಟರೆ ಯಾರೂ ನಿಲ್ಲಿಸಲಾರರು. ಯಜಮಾನರಿಗೆ ಒಂದೇ ಮಾತಿನಲ್ಲಿ ಹೇಳಿದೆ. ಅವರು ನನ್ನನ್ನು ಮುಂದೆ ಮಾಡಿಕೊಂಡು, ಇಪ್ಪತ್ತು ವರ್ಷದ ಸರ್ವೀಸಿನ ಗಂಟಲು ತೆರೆದು, ‘ಚಲಾ, ಪುಢೇ ಸರಕಾ’, ನಡೀರಿ, ಮುಂದಕ್ಕೆ ಸರೀರಿ, ಎಂದು ಕೂಗಿದರು. ಆ ದನಿಗೆ ಮರಾಠವಾಡದ ಮನುಷ್ಯ ಸತ್ತರೂ ಸರಿಯುತ್ತಾನೆ. ಅಷ್ಟು ಮಂದಿಯ ನಡುವೆ ದಾರಿ ಬಿಟ್ಟುಕೊಂಡಿತು. ಒಬ್ಬ ಹುಡುಗ ತನಗೆ ಗೊತ್ತಿಲ್ಲದೆಯೇ ಜೇಬಿನಿಂದ ಚಿಲ್ಲರೆ ತೆಗೆದ. ನಾನು ಓಡಿದೆ. ಚಪ್ಪಲಿ ಒಂದು ಎಲ್ಲೋ ಉಳಿಯಿತು.

ಬಿದಿರಿನ ಬೇಲಿ ದಾಟಿ ವೇದಿಕೆಗೆ ಮುಟ್ಟಿದಾಗ ವಿರೂಪಾಕ್ಷನಿಗೆ ನಾನು ಕಂಡೆ. ತನ್ನ ಹಾಡಿಗೆ ಕುಣಿಯಲು ಕಾಕು ಬಂದಳು ಎಂದುಕೊಂಡು ನಕ್ಕು, ಗಿಟಾರನ್ನು ನನ್ನ ಕಡೆಗೇ ತಿರುಗಿಸಿ ಬಾರಿಸಿದ. ಹಿಂದಿನಿಂದ ಡಿಪ್ಪರ್ ಮಾವಶಿ, ಡಿಪ್ಪರ್ ಮಾವಶಿ ಎಂದು ಜಯಘೋಷ. ಕಾಲು ತನ್ನಷ್ಟಕ್ಕೆ ಪೆಡಲು ತುಳಿಯಹತ್ತಿತ್ತು, ಸುಳ್ಳೇಕೆ ಹೇಳಲಿ. ಆ ಕಾಲನ್ನು ನೆಲಕ್ಕೆ ಊರಿ, ವೇದಿಕೆಯ ಹಲಗೆಯ ಮೇಲೆ ಎರಡೂ ಕೈಯಿಂದ ಬಡಿದೆ.

‘ನಿಂದರಸು. ವಿರೂಪಾಕ್ಷ, ನಿಂದರಸು ಅಂದ್ರ ನಿಂದರಸು. ಅವರು ಯಾಕ ಅಂತ ಕೇಳವಲ್ರು. ಯಾಕ ನಂಬರ ಅನ್ಲತ್ತಾರ.’

ಗಿಟಾರು ನಿಂತಿತು. ಅವನು ನನ್ನನ್ನು ನೋಡಿದ, ಮಂದಿಯನ್ನು ನೋಡಿದ, ಓಡಿಹೋಗಿ ಸುಮಿತನನ್ನು ಅಲುಗಿಸಿದ. ಸುಮಿತ ಅಪ್ಪಟ ಮರಾಠಿ ಹುಡುಗ, ಮೊದಲೇ ಅವನಿಗೆ ಕೇಳಿಸಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಆದರೆ ತನ್ನ ಡ್ರಮ್ಮಿನ ಸದ್ದಿಗೆ ತಾನೇ ಹೆದರಿ ಕಿವಿಯಲ್ಲಿ ಅರಳೆ ತುರುಕಿಕೊಂಡಿದ್ದ. ಅರಳೆ ಕಿತ್ತು ವಿಷಯ ಕೇಳಿದವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ವಿರೂಪಾಕ್ಷ ಮೈಕಿಗೆ ಬಂದು ಮರಾಠಿಯಲ್ಲಿ, ನೀವು ಪ್ರಶ್ನೆ ಕೇಳಿದಿರೋ, ನಂಬರು ಕೊಟ್ಟಿರೋ, ಬಿಡಿಸಿ ಹೇಳಿ ಎಂದ. ಮೈದಾನ ಬಿಡಿಸಿಯೇ ಹೇಳಿತು. ಯಾಕ ನಂಬರ ಎಂಬ ಆ ಕೂಗು ಉದಗೀರದ ಕೋಟೆಯ ಗೋಡೆಗೆ ಬಡಿದು ವಾಪಸು ಬಂದಿರಬೇಕು. ಎಲ್ಲರೂ ಕೂಗಿದರು ಎಂದರೆ ಸುಳ್ಳಾಗುತ್ತದೆ. ಉಮರ್ಗಾದವರು ತಾವು ಬರೆದು ಹಿಡಿದ ಬಟ್ಟೆ ಇಳಿಸಲಿಲ್ಲ, ಡಿಪ್ಪರ್ ಡಿಪ್ಪರ್ ಎಂದು ಹಟ ಹಿಡಿದೇ ಇದ್ದರು, ಕೆಲವರು ಕೈ ಕೊಡವಿ ಹೊರಟೂ ಹೋದರು. ಹೋಗುವವರನ್ನು ನೋಡಿ ವಿರೂಪಾಕ್ಷ ಕೈ ಬೀಸಿದ, ಆಮೇಲೆ ಮೈಕಿನಲ್ಲಿ ಕನ್ನಡದಲ್ಲೇ ಹೇಳಿದ.

‘ಡಿಪ್ಪರ್ ಕಡೀಕ ಹೊಡೀತೀವಿ. ಶಿವಾನಿ ಎಲ್ಲೀಗೂ ಹೋಗಂಗಿಲ್ಲ.’

ನಾನು ಹಲಗೆಯನ್ನು ಹಿಡಿದುಕೊಂಡೇ ನಿಂತಿದ್ದೆ. ಅಷ್ಟರಲ್ಲಿ ಶಿವಾನಿ ವೇದಿಕೆಯ ಅಂಚಿಗೆ ಬಂದು, ಮೈಕು ಬಿಟ್ಟು, ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ನನ್ನ ಬೆನ್ನ ಹಿಂದೆ ಸಾವಿರ ಮಂದಿಯ ಗದ್ದಲ, ಆದರೆ ಅವಳಿಗೆ ಆ ಸಾವಿರ ಮಂದಿ ಬೇಕಿರಲಿಲ್ಲ.

‘ಮಂದಿ ಮಾತ ಬಿಡವ್ವಾ. ನಿನಗ?’

ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು. ಯಾಕ ನಂಬರ ಎಂದು ನಾನೂ ಒಂದು ಸಲ ಕೂಗಿದ್ದರೆ ಅವಳು ನಂಬುತ್ತಿದ್ದಳು, ಮೈದಾನವೇ ನಂಬುತ್ತಿತ್ತು. ಆ ಕಣ್ಣಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

‘ನಾ ಇನ್ನಾ ಕೇಳೇ ಇಲ್ಲ, ತಾಯಿ. ಇನ್ನೊಮ್ಮಿ ಹಾಡು.’

ಅವಳು ನನ್ನ ಮುಖವನ್ನೇ ನೋಡಿದಳು. ಎದ್ದು ಹೋಗಿ ಸುಮಿತನಿಗೆ ಏನೋ ಅಂದಳು, ದೀಪ ಮತ್ತೆ ಇಳಿಯಿತು. ಆ ಉದ್ದನೆಯ ಮೌನ ಬಂತು. ಈ ಸಲ ನಾನು ಯಾರನ್ನೂ ನೋಡಲಿಲ್ಲ, ಹಲಗೆಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ದಪ್ಪ ತಂತಿ ಗುಂಯ್ ಎಂದಿತು. ಅದು ನಿಂತ ಮೇಲೆ ಬಾಯಿ ಮುಚ್ಚಿಕೊಂಡೇ ಗುಣುಗುವ ದನಿಯೊಂದು ಸಣ್ಣಗೆ ಎದ್ದಿತು. ನನ್ನದೇ. ನಡುವೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತೇನಲ್ಲ, ಆ ಉಸಿರು ಕೂಡ ಅದರಲ್ಲಿತ್ತು. ಆದರೆ ನಾನು ಗುಣುಗುವಾಗ ಅದು ಅಷ್ಟು ಚೆನ್ನಾಗಿರುವುದಿಲ್ಲ.